ಎಡಗಡೆಯ ಮಾನಿಟರ್

ಒಂದು ಕಾಲಕ್ಕೆ ನಮ್ಮ ಮನೆಯ ನಡುಮನೆಯಲ್ಲಿ ಮೂರು ಮಾನಿಟರುಗಳು ಸಾಲಾಗಿ ಕೂತಿದ್ದವು. ಈಗಿನ ಹಾಗೆ ಗೋಡೆಗೆ ಒರಗುವ ಚಪ್ಪಟೆ ಮಾನಿಟರುಗಳಲ್ಲ. ಹಿಂದಕ್ಕೆ ಹೊಟ್ಟೆ ಬಿಟ್ಟುಕೊಂಡ, ಎತ್ತಿಡಲು ಸೊಂಟ ಗಟ್ಟಿ ಇರಬೇಕಾದ ಡಬ್ಬಗಳು. ಮನೆಗೆ ಬಂದ ನೆಂಟರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಒಬ್ಬ ಮನುಷ್ಯನಿಗೆ ಮೂರು ಟೀವಿ ಯಾಕೆ? ನಾನು ಟೀವಿ ರಿಪೇರಿ ಮಾಡುವವನಾದ್ದರಿಂದ ಗಿರಾಕಿಗಳ ಸೆಟ್ಟು ಇರಬೇಕು ಎಂದುಕೊಂಡು ಕೆಲವರು ಸುಮ್ಮನಾಗುತ್ತಿದ್ದರು. ವಿಮಾನ ಹಾರಿಸುವುದಕ್ಕೆ ಎಂದು ನಿಜ ಹೇಳಿದರೆ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡುತ್ತಿದ್ದರು. ಅವಳು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು.

ನನ್ನ ಅಂಗಡಿ ಇದ್ದದ್ದು ದುರ್ಗದಲ್ಲಿ, ಸಂತೆಹೊಂಡದಿಂದ ಸ್ವಲ್ಪ ಮುಂದೆ. ತೊಂಬತ್ತರ ದಶಕದಲ್ಲಿ ಟೀವಿ ರಿಪೇರಿ ಎಂದರೆ ಉಸಿರಾಡಲು ಪುರುಸೊತ್ತಿಲ್ಲದ ಕೆಲಸ. ಆಮೇಲೆ ಊರಿನಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರುಗಳು ಶುರುವಾದವು, ಅವರ ಮಾನಿಟರುಗಳು ಕೆಟ್ಟು ನನ್ನ ಮೇಜಿಗೆ ಬರತೊಡಗಿದವು. ಕಂಪ್ಯೂಟರ್ ನನಗೆ ಗೊತ್ತಿರಲಿಲ್ಲ. ಆದರೆ ಮಾನಿಟರ್ ಎಂದರೆ ಆಂಟೆನಾ ಇಲ್ಲದ ಟೀವಿ, ಅಷ್ಟೇ. ಅದೇ ಪಿಕ್ಚರ್ ಟ್ಯೂಬು, ಅದೇ ಸುಟ್ಟ ವಾಸನೆ, ಅದೇ ಬಿಟ್ಟುಕೊಂಡ ಬೆಸುಗೆ. ರಿಪೇರಿ ಮಾಡಿದ ಮಾನಿಟರ್ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಕಂಪ್ಯೂಟರ್ ಬೇಕಾಯಿತು, ಹಾಗಾಗಿ ಒಂದನ್ನು ಜೋಡಿಸಿಕೊಂಡೆ. ಅದರಲ್ಲಿ ನೋಡಲು ಏನಾದರೂ ಇರಲಿ ಎಂದು ಬೆಂಗಳೂರಿಗೆ ಬಿಡಿಭಾಗ ತರಲು ಹೋದಾಗ ಎಸ್.ಪಿ. ರೋಡಿನಲ್ಲಿ ಒಂದು ಸೀಡಿ ತಂದೆ. ವಿಮಾನ ಹಾರಿಸುವ ಆಟದ ಸೀಡಿ.

ಆಟ ಎನ್ನುವುದೂ ಅಷ್ಟು ಸರಿಯಲ್ಲ. ಅದರಲ್ಲಿ ಯಾರನ್ನೂ ಹೊಡೆಯುವಂತಿಲ್ಲ, ಗೆಲ್ಲುವಂತಿಲ್ಲ. ಪುಟ್ಟ ವಿಮಾನವನ್ನು ನೆಲದಿಂದ ಎತ್ತಬೇಕು, ಒಂದು ಕಡೆಗೆ ಹೋಗಬೇಕು, ಮುರಿಯದಂತೆ ಇಳಿಸಬೇಕು. ಮೊದಲ ಎರಡು ತಿಂಗಳು ನಾನು ಇಳಿಸಿದ್ದೆಲ್ಲ ಮುರಿದೇ ಹೋಯಿತು. ಒಂದೇ ಮಾನಿಟರಿನಲ್ಲಿ ಮುಂದಿನದಷ್ಟೇ ಕಾಣುತ್ತದೆ, ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ವಿಮಾನ ಇಳಿಸುವ ಕ್ರಮ ಬೇರೆ. ರನ್‌ವೇಯನ್ನು ಎಡಗಡೆಗೆ ಇಟ್ಟುಕೊಂಡು ಅದರ ಪಕ್ಕದಲ್ಲೇ ಉದ್ದಕ್ಕೆ ಹೋಗಬೇಕು. ಅದು ಭುಜದ ಹಿಂದಕ್ಕೆ ಸರಿದ ಮೇಲೆ ಎಡಕ್ಕೆ ತಿರುಗಬೇಕು, ಮತ್ತೆ ಎಡಕ್ಕೆ ತಿರುಗಬೇಕು, ಆಗ ರನ್‌ವೇ ಎದುರಿಗೆ ಬರುತ್ತದೆ. ಅಷ್ಟು ಹೊತ್ತೂ ಮುಂದಿನ ಗಾಜಿನಲ್ಲಿ ಬರೀ ಆಕಾಶ. ನೋಡಬೇಕಾದದ್ದೆಲ್ಲ ಎಡಗಡೆಯ ಕಿಟಕಿಯಲ್ಲಿ. ಕಿಟಕಿ ಬೇಕೆಂದರೆ ಇನ್ನೊಂದು ಮಾನಿಟರ್ ಬೇಕು. ಎಡಕ್ಕೆ ಇಟ್ಟ ಮೇಲೆ ಬಲಕ್ಕೂ ಬೇಡವೇ.

ಒಂದು ಮಾನಿಟರ್ ನನ್ನದೇ ಇತ್ತು. ಮುಚ್ಚಿಹೋದ ಸೆಂಟರಿನವರು ಒಯ್ಯದೆ ಬಿಟ್ಟುಹೋದದ್ದು ಇನ್ನೊಂದು. ಮೂರನೆಯದು ಹಿರಿಯೂರಿನ ಗುಜರಿ ಅಂಗಡಿಯಲ್ಲಿ ಮಳೆಗೆ ನೆನೆಯುತ್ತ ಕೂತಿತ್ತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಒಂದೊಂದು ಮಾನಿಟರಿಗೆ ಒಂದೊಂದು ಡಿಸ್‌ಪ್ಲೇ ಕಾರ್ಡು ಬೇಕಿತ್ತು, ಹಳೆಯವನ್ನು ಹುಡುಕಿ ಹಾಕಿದೆ. ಮೂರನ್ನೂ ಅಕ್ಕಪಕ್ಕ ಇಟ್ಟು ಚಾಲೂ ಮಾಡಿದರೆ ಚಿತ್ರಗಳು ನೀರಿನೊಳಗೆ ಇದ್ದಂತೆ ಅಲುಗಾಡತೊಡಗಿದವು. ಒಂದರ ಅಯಸ್ಕಾಂತ ಇನ್ನೊಂದಕ್ಕೆ ತಾಗುತ್ತಿತ್ತು. ಎಣ್ಣೆ ಡಬ್ಬ ಕತ್ತರಿಸಿ ತಗಡನ್ನು ನಡುವೆ ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ನಿಂತಿತು. ಬಣ್ಣ ಮಾತ್ರ ಕೊನೆಗೂ ಹೊಂದಲಿಲ್ಲ. ಎಡಗಡೆಯದು ನೀಲಿಗೆ ತಿರುಗಿತ್ತು, ಬಲಗಡೆಯದು ಹಳದಿಗೆ. ಒಂದೇ ಆಕಾಶದಲ್ಲಿ ಎಡಕ್ಕೆ ಬೆಳಗಿನ ಜಾವ, ಬಲಕ್ಕೆ ಸಾಯಂಕಾಲ. ಪಕ್ಕದ ಎರಡನ್ನೂ ಕುಂತವನ ಕಡೆಗೆ ಓರೆ ಮಾಡಿ ಬಹಳ ಮುಂದಕ್ಕೆ ತಂದಿಟ್ಟಿದ್ದೆ, ಕಣ್ಣಿನ ಅಂಚಿಗೆ ಬರುವ ಹಾಗೆ. ಕುರ್ಚಿಯಲ್ಲಿ ಕುಂತರೆ ನಿಜವಾಗಿಯೂ ಒಂದು ಗೂಡಿನೊಳಗೆ ಸೇರಿಕೊಂಡಂತೆ ಆಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆ ಗೂಡು ನನಗೆ ಬಹಳ ಇಷ್ಟವಾಗಿತ್ತು.

ಆಟದಲ್ಲಿ ನಮ್ಮ ದುರ್ಗ ಇರಲಿಲ್ಲ. ಅಮೆರಿಕದ ಊರುಗಳಿಗೆ ಕಟ್ಟಡ, ಸೇತುವೆ ಎಲ್ಲ ಇದ್ದವು. ನಮ್ಮ ಕಡೆಗೆ ಬಂದರೆ ಕಂಬಳಿ ಹಾಸಿದ ಹಾಗೆ ಒಂದೇ ಬಣ್ಣದ ನೆಲ. ಕೋಟೆ ಇಲ್ಲ, ಬಂಡೆಗಳಿಲ್ಲ. ಜೋಗಿಮಟ್ಟಿ ಬೆಟ್ಟ ಇರಬೇಕಾದ ಕಡೆ ಒಂದು ದಿಣ್ಣೆ ಇತ್ತು, ಅದರ ಮೇಲೆ ಆಗತಾನೆ ಏಳುತ್ತಿದ್ದ ಗಾಳಿಯಂತ್ರಗಳು ಇರಲು ಸಾಧ್ಯವೇ ಇರಲಿಲ್ಲ. ಅದೃಷ್ಟಕ್ಕೆ ಮಾರಿಕಣಿವೆಯ ಅಣೆಕಟ್ಟಿನ ನೀರು ಇತ್ತು. ಗೆರೆ ವಕ್ರವಾಗಿದ್ದರೂ ನೀಲಿಯ ಒಂದು ಮಡು ಅಲ್ಲಿ ಬಿದ್ದಿತ್ತು. ಬೆಂಗಳೂರಿನಿಂದ ಎದ್ದು, ದಿಕ್ಸೂಚಿ ಮತ್ತು ಗಡಿಯಾರ ನೋಡಿಕೊಂಡು ಬಂದು, ಆ ನೀರು ಕಂಡ ದಿನ ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ.

ಇಷ್ಟರಲ್ಲಿ ನನ್ನ ಅಣ್ಣ ಬಂದ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು, ಖಾಸಗಿ ಬಸ್ಸಿನ ಡ್ರೈವರ್. ದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗ, ಅಲ್ಲಿಂದ ವಾಪಸ್ಸು. ಆ ಲೈನಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ನನ್ನನ್ನು ಟೀವಿ ಕೆಲಸ ಕಲಿಯಲು ಕಳಿಸಿದವನು ಅವನೇ, ಅಂಗಡಿಯ ಮೊದಲ ಮಲ್ಟಿಮೀಟರ್ ಕೊಡಿಸಿದವನೂ ಅವನೇ. ಅವನ ಮನೆ ನಮ್ಮಿಂದ ಎರಡು ಬೀದಿ ಆಚೆ. ಅವನ ಬಸ್ಸಿಗೆ ಬುಧವಾರ ರಜೆ, ಅವನಿಗೂ ಅಂದೇ ರಜೆ. ಬುಧವಾರ ಊಟ ಮುಗಿಸಿ ನಮ್ಮ ಮನೆಗೆ ಬಂದು, ಕಾಲು ನೀಡಿ ಕೂತು, ಯಾರ ಮೇಲಾದರೂ ಸಿಟ್ಟು ಮಾಡಿಕೊಂಡು ಹೋಗುವುದು ಅವನ ರೂಢಿ. ಮೂರು ಮಾನಿಟರುಗಳನ್ನು ನೋಡಿದವನು ಸಿಟ್ಟು ಮಾಡಿಕೊಳ್ಳುವುದನ್ನು ಮರೆತ. ಅವತ್ತಿನಿಂದ ನಾನು ಬುಧವಾರ ಮಧ್ಯಾಹ್ನ ಅಂಗಡಿ ಮುಚ್ಚತೊಡಗಿದೆ.

ಅವನು ವಿಮಾನವನ್ನು ಬಸ್ಸಿನಂತೆಯೇ ಓಡಿಸಿದ. ಹಾರ್ನ್ ಎಲ್ಲಿದೆ ಎಂದು ಮೊದಲು ಕೇಳಿದ. ಇಲ್ಲ ಎಂದದ್ದಕ್ಕೆ, ಹಾರ್ನ್ ಇಲ್ಲದ ಗಾಡಿಯನ್ನು ಯಾವನು ಪಾಸ್ ಮಾಡಿದ ಎಂದು ಬೈದ. ರನ್‌ವೇಯ ತುದಿಯಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದ. ಏನಾಯಿತು ಎಂದರೆ, ರೈಟ್ ಹೇಳಬೇಕಲ್ಲ, ಹೇಳದೆ ಹೆಂಗೆ ಹೋಗೋದು ಎನ್ನುವವನು. ನಾನು ರೈಟ್ ಎಂದ ಮೇಲೇ ವಿಮಾನ ಮುಂದಕ್ಕೆ ಹೋಗುತ್ತಿತ್ತು. ಆದರೆ ಕೈ ಪಳಗಿದ ಕೈ. ನಾನು ಎರಡು ತಿಂಗಳಲ್ಲಿ ಕಲಿತದ್ದನ್ನು ಅವನು ಎರಡು ಬುಧವಾರಗಳಲ್ಲಿ ಕಲಿತ. ಎದುರಿಗೆ ನೇರವಾಗಿ ರನ್‌ವೇ ಕಂಡರೆ ಬೆಣ್ಣೆಯಂತೆ ಇಳಿಸುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ, ಹೀಗೆ ಒಂದು ಸುತ್ತು ಹಾಕೋಣ ಎಂದು ಅವನೇ ಹೇಳಿದ. ಆಟದಲ್ಲಿ ಆ ಊರು ಯಾವುದೂ ಇಲ್ಲ ಎಂದರೂ ಕೇಳಲಿಲ್ಲ. ಮಾರಿಕಣಿವೆ ನೀರಿನ ಮೇಲಿಂದ ಗಡಿಯಾರ ನೋಡಿಕೊಂಡು, ಈಗ ಹೊಸದುರ್ಗದ ಸ್ಟ್ಯಾಂಡು, ಈಗ ಹೊಳಲ್ಕೆರೆ ಎಂದು ಬರೀ ಕಂದು ನೆಲಕ್ಕೆ ಹೆಸರಿಡುತ್ತ ಹೋದ. ಬಸ್ಸಿನಲ್ಲಿ ಅರ್ಧ ದಿನ ತಿನ್ನುವ ದಾರಿ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಯಾರೂ ಹತ್ತಲಿಲ್ಲ, ಇಳಿಯಲಿಲ್ಲ, ಚಿಲ್ಲರೆಗೆ ಜಗಳವಾಡಲಿಲ್ಲ. ಇದಲ್ಲವಾ ನೌಕರಿ ಎಂದ.

ಬೆಂಗಳೂರಿನ ರನ್‌ವೇಗೆ ಎಡಸುತ್ತು ಹಾಕಿ ಇಳಿಯುವುದು ಮಾತ್ರ ಅವನಿಗೆ ಬರಲೇ ಇಲ್ಲ. ರನ್‌ವೇ ಎಡಗಡೆ ಮಾನಿಟರಿನಲ್ಲಿ ಅಷ್ಟುದ್ದ ಬಿದ್ದಿರುತ್ತಿತ್ತು, ಇವನು ತಿರುಗಿಸುವುದನ್ನು ಬಿಟ್ಟು ಮುಂದೆ ಮುಂದೆ ಹೋಗುತ್ತಿದ್ದ. ನಾನು ಈಗ ತಿರುಗಿಸು ಎಂದರೆ ತಕ್ಷಣ ತಿರುಗಿಸಿ ಚೆನ್ನಾಗಿ ಇಳಿಸುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೊಸೂರಿನವರೆಗೂ ಹೋಗುವವನೇ. ಅದೇ ಬಲಸುತ್ತು ಹಾಕಿಸಿದರೆ ಒಂದೂ ತಪ್ಪುತ್ತಿರಲಿಲ್ಲ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಎಡಬಲ ಗೊತ್ತಿಲ್ಲವಲ್ಲ ಎಂದು ನಾನು ಛೇಡಿಸಿದೆ. ಅವನಿಗೆ ರೇಗಿತು. ಎಡಗಡೆ ಮಾನಿಟರ್ ಮಂಕಾಗಿದೆ, ಅದರಲ್ಲಿ ಏನೂ ಕಾಣುವುದಿಲ್ಲ, ಮೊದಲು ಅದನ್ನು ರಿಪೇರಿ ಮಾಡು ಎಂದ.

ನನ್ನ ಸೆಟ್ಟಿಗೆ ಮಂಕು ಎಂದರೆ ನನಗೆ ಮೈ ಉರಿಯುತ್ತದೆ. ಆದರೂ ಅವನು ಹೋದ ಮೇಲೆ ಬಿಚ್ಚಿದೆ. ಗುಜರಿಯಿಂದ ಬಂದದ್ದು ಅದೇ, ಇದ್ದರೂ ಇರಬಹುದು ಎನಿಸಿತು. ಎರಡು ಕೆಪಾಸಿಟರ್ ಬದಲಾಯಿಸಿದೆ, ಬೆಳಕು ಏರಿಸಿದೆ. ಮುಂದಿನ ಬುಧವಾರ ಅದು ಮದುವೆಮನೆಯ ಬಲ್ಬಿನ ಹಾಗೆ ಉರಿಯುತ್ತಿತ್ತು. ಅಣ್ಣ ಮತ್ತೆ ರನ್‌ವೇ ದಾಟಿಕೊಂಡು ಹೋದ, ಮತ್ತೆ ತಪ್ಪನ್ನು ಮಾನಿಟರಿನ ಮೇಲೆ ಹಾಕಿದ.

ರಿಪೇರಿಯವರಲ್ಲಿ ಒಂದು ಕ್ರಮ ಇದೆ. ದೋಷ ಎಲ್ಲಿದೆ ಎಂದು ತಿಳಿಯದಿದ್ದಾಗ ವಸ್ತುಗಳನ್ನು ಅದಲುಬದಲು ಮಾಡಬೇಕು. ವಸ್ತುವಿನ ಜೊತೆಗೆ ದೋಷವೂ ಹೋದರೆ ವಸ್ತು ಕೆಟ್ಟಿದೆ. ದೋಷ ಇದ್ದ ಜಾಗದಲ್ಲೇ ಉಳಿದರೆ ಆ ಜಾಗದಲ್ಲಿ ಇನ್ನೇನಿದೆ ಎಂದು ನೋಡಬೇಕು. ಅವನಿಗೆ ಹೇಳದೆ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಟ್ಟೆ. ಅವತ್ತು ಅವನು ಬಲಗಡೆಯ ಮಾನಿಟರಿನಲ್ಲಿ, ಅಂದರೆ ಹೋದ ವಾರ ಮಂಕಾಗಿತ್ತು ಎಂದು ಬೈದ ಅದೇ ಡಬ್ಬದಲ್ಲಿ, ದೂರದ ಒಂದು ಕೆರೆಯನ್ನು ನನಗಿಂತ ಮುಂಚೆ ಕಂಡ. ಎಡಕ್ಕೆ ಬಂದಿದ್ದ ಚೊಕ್ಕ ಮಾನಿಟರ್ ಈಗ ಅವನ ಬಾಯಲ್ಲಿ ಮಂಕಾಗಿತ್ತು. ಸರಿ, ಕೇಬಲ್ ಬದಲಾಯಿಸಿದೆ. ಕಾರ್ಡು ಬದಲಾಯಿಸಿದೆ. ದೋಷ ಎಡಗಡೆ ಬಿಟ್ಟು ಕದಲಲಿಲ್ಲ. ಮೇಜಿನ ಮೇಲೆ ಬದಲಾಯಿಸಲು ಇನ್ನೇನೂ ಉಳಿದಿರಲಿಲ್ಲ. ಕುರ್ಚಿಯ ಮೇಲೆ ಕುಂತವನು ಮಾತ್ರ ಉಳಿದಿದ್ದ.

ಹಾಗಂತ ನನಗೆ ಆಗಲೇ ಹೊಳೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಅದಕ್ಕೊಂದು ಕಾರಣ ಕಟ್ಟಿಕೊಂಡೆ. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಎಡಗಡೆ ಎನ್ನುವುದು ಡ್ರೈವರಿನದ್ದಲ್ಲ, ಕಂಡಕ್ಟರಿನದ್ದು. ಬಾಗಿಲು ಎಡಕ್ಕಿದೆ, ಕಂಡಕ್ಟರ್ ಬಾಗಿಲಲ್ಲಿ ನಿಂತಿರುತ್ತಾನೆ. ಬಸ್ಸಿನ ತಗಡನ್ನು ಒಂದು ಸಲ ತಟ್ಟಿದರೆ ನಿಲ್ಲಿಸಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು, ಬಿಡದೆ ಪಟಪಟ ತಟ್ಟಿದರೆ ಎಡಗಡೆ ಏನೋ ಇದೆ. ಸೈಕಲ್ಲೋ, ಎತ್ತಿನ ಗಾಡಿಯೋ, ದನವೋ ಎಂದು ಬಾಯಲ್ಲೂ ಕೂಗುತ್ತಾನೆ. ಡ್ರೈವರ್ ಆ ಕಡೆ ನೋಡುವ ಅಗತ್ಯವೇ ಇರುವುದಿಲ್ಲ. ಇಪ್ಪತ್ತು ವರ್ಷ ಹೀಗೆ ಓಡಿಸಿದವನು ವಿಮಾನದಲ್ಲೂ ಎಡಗಡೆಯನ್ನು ಇನ್ನೊಬ್ಬರಿಗೆ ಬಿಟ್ಟಿದ್ದಾನೆ ಎಂದುಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಹೆಂಡತಿಗೂ ಹೇಳಿದೆ. ಅವಳು ನಗಲಿಲ್ಲ. ಮೊನ್ನೆ ನಿಮ್ಮಣ್ಣನಿಗೆ ಎಡಗಡೆಯಿಂದ ಕಾಫಿ ಲೋಟ ಚಾಚಿದರೆ ಎಷ್ಟು ಹೊತ್ತಾದರೂ ತೆಗೆದುಕೊಳ್ಳಲಿಲ್ಲ ಎಂದಳು.

ಅದು ತಲೆಯಲ್ಲಿ ಕೂತುಬಿಟ್ಟಿತು. ಹೊಸದುರ್ಗದಲ್ಲಿ ಒಂದು ಟೀವಿ ನೋಡಬೇಕಿದೆ ಎಂದು ಸುಳ್ಳು ಹೇಳಿ ಒಂದು ದಿನ ಬೆಳಿಗ್ಗೆ ಒಂಬತ್ತರ ಟ್ರಿಪ್ಪಿಗೆ ಅಣ್ಣನ ಬಸ್ಸು ಹತ್ತಿದೆ. ಬಾನೆಟ್ಟಿನ ಪಕ್ಕ, ಅವನ ಮುಖ ಕಾಣುವ ಹಾಗೆ ಕೂತೆ. ಕಂಡಕ್ಟರ್ ತುರುವನೂರಿನವರು, ಅಣ್ಣನಷ್ಟೇ ವಯಸ್ಸು, ಅವನ ಜೊತೆ ಹತ್ತು ವರ್ಷದಿಂದ ಅದೇ ಬಸ್ಸಿನಲ್ಲಿದ್ದವರು. ಅವರ ಕೈ ಬೇರೆ ಕಂಡಕ್ಟರುಗಳ ಕೈಯಂತೆ ಇರಲಿಲ್ಲ. ಟಿಕೆಟ್ ಹರಿಯುತ್ತಿದ್ದರೂ, ಚಿಲ್ಲರೆ ಎಣಿಸುತ್ತಿದ್ದರೂ, ಕಣ್ಣು ಎಡಗಡೆ ಕಿಟಕಿಯಾಚೆಗೇ ಇರುತ್ತಿತ್ತು. ತಗಡಿನ ಮೇಲೆ ಕೈ ಆಡುತ್ತಲೇ ಇತ್ತು. ಅಣ್ಣ ಮುಂದಕ್ಕೂ ಬಲಕ್ಕೂ ನೋಡುತ್ತಿದ್ದ. ಎಡಗಡೆಯ ಕನ್ನಡಿಯ ಕಡೆ ದಾರಿಯುದ್ದಕ್ಕೂ ಅವನು ನೋಡಿದ್ದನ್ನು ನಾನು ಕಾಣಲಿಲ್ಲ.

ಹೊಳಲ್ಕೆರೆ ದಾಟಿದ ಮೇಲೆ ಬಸ್ಸು ತುಂಬಿತ್ತು. ಕಂಡಕ್ಟರ್ ಹಿಂದಿನ ಸೀಟುಗಳ ಕಡೆ ಹೋಗಿದ್ದರು. ಎಡಗಡೆಯ ಹೊಲದಿಂದ ಕುರಿಯ ಮಂದೆ ರಸ್ತೆಗೆ ಏರುತ್ತಿತ್ತು, ಕುರಿ ಕಾಯುವವರು ಇನ್ನೂ ಹೊಲದಲ್ಲೇ ಇದ್ದರು. ನನಗೆ ಅದು ಬಹಳ ದೂರದಿಂದಲೇ ಕಂಡಿತು. ಅಣ್ಣನ ಕಾಲು ಆಕ್ಸಿಲರೇಟರಿನ ಮೇಲಿಂದ ಏಳಲಿಲ್ಲ. ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಕಾದೆ. ಹಿಂದಿನಿಂದ ಕಂಡಕ್ಟರ್ ಬಸ್ಸಿನ ಚಾವಣಿಯನ್ನೇ ಗುದ್ದುತ್ತ ಕುರಿ, ಕುರಿ ಎಂದು ಕೂಗಿದರು. ಅಣ್ಣ ಬ್ರೇಕ್ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಮುಂದಿನ ಕುರಿ ಬಂಪರಿನಿಂದ ಒಂದು ಮಾರು ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ಕುರಿಯವರು ಓಡಿಬಂದು ಬೈದರು, ಬಸ್ಸಿನವರು ಕುರಿಯವರನ್ನು ಬೈದರು, ಬಸ್ಸು ಮತ್ತೆ ಹೊರಟಿತು. ದಿನಾ ಆಗುವ ಸಂಗತಿ ಎಂದು ಎಲ್ಲರೂ ಮರೆತರು.

ಹೊಸದುರ್ಗದ ಸ್ಟ್ಯಾಂಡಿನಲ್ಲಿ ಅಣ್ಣ ಮುಖ ತೊಳೆಯಲು ಹೋದಾಗ ಕಂಡಕ್ಟರ್ ನನ್ನನ್ನು ಟೀ ಅಂಗಡಿಯ ಪಕ್ಕಕ್ಕೆ ಕರೆದರು. ನಾನು ಏನೂ ಕೇಳಿರಲಿಲ್ಲ.

"ಎಡಗಡೆ ನಂದು, ಬಲಗಡೆ ನಿಮ್ಮಣ್ಣರ್ದು, ಹಂಗಂತ ನಮ್ಮಿಬ್ಬರಾಗೆ ಮಾತಾಗೈತೆ," ಎಂದರು. "ನಾನಿರೋಗಂಟ ಏನೂ ಆಗಲ್ಲ. ನೀವು ಎಲ್ಲೂ ಬಾಯಿ ಬಿಡಬ್ಯಾಡ್ರಿ. ಅವರಿಗೆ ಇನ್ಯಾವ ಕೆಲ್ಸ ಬರ್ತೈತೆ ಹೇಳ್ರಿ?"

ನಾನು ತಲೆಯಾಡಿಸಿದೆ. ವಾಪಸ್ಸು ಬೇರೆ ಬಸ್ಸಿನಲ್ಲಿ ಬಂದೆ.

ಅಲ್ಲಿಂದ ಮೂರು ವಾರ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನನಗೆ ಕಾರಣಗಳು ಇದ್ದವು. ಅಣ್ಣನಿಗೆ ಪಿಂಚಣಿ ಗಿಂಚಣಿ ಏನೂ ಇಲ್ಲ, ಬಸ್ಸು ಬಿಟ್ಟರೆ ಮನೆಯಲ್ಲಿ ಕೂರಬೇಕು. ಕಂಡಕ್ಟರ್ ಗಟ್ಟಿ ಮನುಷ್ಯ. ಇಷ್ಟು ದಿನ ಆಗದ್ದು ಇನ್ನು ಆಗುತ್ತದೆಯೇ. ಕಣ್ಣಿನ ವಿಷಯ ಎತ್ತಿದರೆ ಅವನ ಸಿಟ್ಟು ಹೇಗಿರುತ್ತದೋ ಎಂಬ ಹೆದರಿಕೆಯೂ ಇತ್ತು; ನಲವತ್ತರ ಹತ್ತಿರ ಬಂದಿದ್ದರೂ ಅಣ್ಣನ ಮುಂದೆ ನನಗೆ ದನಿ ಏಳುತ್ತಿರಲಿಲ್ಲ. ಬುಧವಾರಗಳಲ್ಲಿ ಅವನು ಬರುತ್ತಿದ್ದ, ನಾನು ರೈಟ್ ಹೇಳುತ್ತಿದ್ದೆ, ತಿರುಗುವ ಹೊತ್ತಿಗೆ ತಿರುಗಿಸು ಎನ್ನುತ್ತಿದ್ದೆ. ನಾನೂ ಒಬ್ಬ ಕಂಡಕ್ಟರ್ ಆಗಿಬಿಟ್ಟಿದ್ದೆ.

ಮೂರನೆಯ ವಾರದ ಶುಕ್ರವಾರ ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಹೊಸದುರ್ಗದ ತವರಿಗೆ ಹೊರಟಳು. ಅವಳು ಯಾವತ್ತೂ ಹೋಗುತ್ತಿದ್ದದ್ದು ಅಣ್ಣನ ಬಸ್ಸಿನಲ್ಲೇ. ಮೊದಲೇ ತಿಳಿಸಿದ್ದರಿಂದ ಅವನು ಮುಂದಿನ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿದಿರುತ್ತಿದ್ದ. ಅವತ್ತು ನಾನು ಚೀಲ ಹುಡುಕುವ ನೆಪದಲ್ಲಿ ಒಂಬತ್ತು ಗಂಟೆ ದಾಟಿಸಿದೆ, ಒಂಬತ್ತೂವರೆಯ ಬೇರೆ ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಟಾಗ ಮಗಳು ಕಿಟಕಿಯಿಂದ ಕೈಬೀಸಿದಳು. ನಾನು ಕೈಬೀಸುತ್ತ ನಿಂತೆ. ಆಗ, ಸ್ಟ್ಯಾಂಡಿನ ನಡುವೆ, ನಾನು ಎಂಥ ಮನುಷ್ಯ ಎಂದು ನನಗೆ ಅಸಹ್ಯವಾಯಿತು. ಅರ್ಧ ಗಂಟೆ ಮುಂಚೆ ಅದೇ ದಾರಿಯಲ್ಲಿ ಅಣ್ಣನ ಬಸ್ಸು ಹೋಗಿತ್ತು, ಅದರಲ್ಲಿ ಅರವತ್ತು ಜನ ಇದ್ದರು.

ಮುಂದಿನ ಬುಧವಾರ ಅಣ್ಣ ಬರುವುದಕ್ಕೆ ಮೊದಲೇ ಎಡಗಡೆ ಮಾನಿಟರಿನ ಪ್ಲಗ್ ಕಿತ್ತೆ. ಅವನು ಬಂದ, ಕೂತ, ವಿಮಾನ ತಿರುಗಿಸುವ ಸ್ಟಿಕ್ ಹಿಡಿದ, ನನ್ನ ರೈಟ್‌ಗೆ ಕಾದ. ನಾನು ರೈಟ್ ಎಂದೆ. ಎದ್ದ ವಿಮಾನವನ್ನು ಎಡಕ್ಕೆ ತಿರುಗಿಸಿ ರನ್‌ವೇಯ ಪಕ್ಕಕ್ಕೆ ತಂದ. ಎಡಗಡೆ ಕಪ್ಪು ಗಾಜು ಬಿಟ್ಟರೆ ಏನೂ ಇರಲಿಲ್ಲ. ರನ್‌ವೇ ಕಾಣ್ತಾ ಇದೆಯಾ ಎಂದು ಕೇಳಿದೆ.

"ಕಾಣ್ತೈತೆ, ಕಾಣ್ತೈತೆ. ಇನ್ನೊಂದೀಟು ಮುಂದಕ್ಕೋಗಿ ತಿರುಗಿಸ್ತೀನಿ," ಎಂದ.

"ಅಣ್ಣ, ಎಡಗಡೆ ಮಾನಿಟರ್ ಆಫ್ ಐತೆ. ನೀನು ಬರಾಕೆ ಮುಂಚೆನೇ ಪ್ಲಗ್ ಕಿತ್ತಿದ್ದೆ."

ಅವನು ಕತ್ತನ್ನು ಪೂರ್ತಿ ತಿರುಗಿಸಿ ಆ ಕಪ್ಪು ಗಾಜನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. ವಿಮಾನ ತನ್ನ ಪಾಡಿಗೆ ಮುಂದಕ್ಕೆ ಹೋಗುತ್ತಿತ್ತು.

ಆಮೇಲೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ವಾರವೇ ಅವನನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸವೆಯುವ ಕಾಯಿಲೆ ಎಂದರು. ಎಡಗಣ್ಣು ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲೂ ಮೂಗಿನ ಕಡೆಯ ಅಂಚು ಸವೆಯಲು ಶುರುವಾಗಿತ್ತು. ಎದುರಿಗೆ ಹಿಡಿದ ಅಕ್ಷರಗಳನ್ನು ಆ ಕಣ್ಣು ಚೆನ್ನಾಗಿ ಓದುತ್ತಿದ್ದರಿಂದ ಪೇಪರ್ ಓದುವಾಗ ಯಾರಿಗೂ ಅನುಮಾನ ಬಂದಿರಲಿಲ್ಲ. ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯ್ದುಕೊಳ್ಳಬಹುದು ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಹನಿ ಹಾಕುವುದು ಅತ್ತಿಗೆಯ ಕೆಲಸವಾಯಿತು. ಒಂದು ಹೊತ್ತೂ ತಪ್ಪಿಸಲಿಲ್ಲ. ನಾಲ್ಕು ತಿಂಗಳು ಅಣ್ಣ ಮನೆಯಲ್ಲಿ ಕೂತು ಎಲ್ಲರ ತಲೆ ತಿಂದ. ಆಮೇಲೆ ದುರ್ಗದ ಸ್ಟ್ಯಾಂಡಿನಲ್ಲಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸುವ ಏಜೆಂಟ್ ಕೆಲಸ ಸಿಕ್ಕಿತು. ತುರುವನೂರಿನ ಕಂಡಕ್ಟರ್ ಒಂದು ವರ್ಷ ನನ್ನನ್ನು ಮಾತಾಡಿಸಲಿಲ್ಲ.

ಆದರೆ ಆ ಬುಧವಾರದ ಮಧ್ಯಾಹ್ನಕ್ಕೆ ಮರಳಬೇಕು. ಅವನು ಬಯ್ಯುತ್ತಾನೆ, ಎದ್ದುಹೋಗುತ್ತಾನೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಸ್ಟಿಕ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಎರಡು ವರ್ಷದಿಂದ ಆ ಕಡೆ ಸರಿಯಾಗಿ ಕಾಣುತ್ತಿಲ್ಲ ಎಂದ. ಮೊದಲು ಹೊಗೆ ಕವಿದ ಹಾಗೆ ಇತ್ತಂತೆ, ಆಮೇಲೆ ಅದೂ ಇಲ್ಲವಂತೆ. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದ. ಕುರಿ ಅಡ್ಡ ಬಂದ ದಿನ ಎಂದೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ಮೊನ್ನೆ ಶುಕ್ರವಾರ ಸೀಟು ಹಿಡ್ಕಂಡು ಕಾಯ್ತಿದ್ದೆ," ಎಂದ. "ಅವರನ್ನ ನೀನು ಬೇಕಂತ್ಲೇ ಬೇರೆ ಬಸ್ಸಿಗೆ ಹತ್ತಿಸಿದ್ದಾ?"

ನಾನು ಹೂಂ ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಅವನು ನನ್ನ ಕಡೆಗೆ ಪೂರ್ತಿ ತಿರುಗಿ ಕೂತಿದ್ದ.

"ಬಾಕಿ ಜನಕ್ಕೂ ಹೆಂಡ್ರು ಮಕ್ಳು ಅವರಲ್ಲೋ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ. ಮೊಣಕಾಲು ಉಜ್ಜಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ.

"ನಿಂಗೇನಂತ ಬಯ್ಲಿ? ನಿಮ್ಮ ಅತ್ತಿಗೇನ ನಾನೂ ಒಂದೂವರೆ ವರ್ಸದಿಂದ ನನ್ನ ಬಸ್ಸಿಗೆ ಹತ್ತಿಸ್ಕಂಡಿಲ್ಲ ಕಣಲೇ."

ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ಕೀ ಕೊಟ್ಟುಬರಲು ಓನರ್ ಮನೆಗೆ ಹೋದ.